ಚಪ್ಪರ ಇಳಿದ ಮೇಲಿನ ಬಣ್ಣ

ಬಣ್ಣ ಆರಿಸಿದವಳು ನಾನೇ. ಆಮೇಲೆ ನೆಂಟರಲ್ಲಿ ಕೆಲವರು ಪೇಂಟರನ್ನು ಬೈದರು, ಕೆಲವರು ನಮ್ಮ ಯಜಮಾನರ ತಲೆಗೆ ಕಟ್ಟಿದರು. ನನ್ನ ತಂಗಿಯಂತೂ ಅಂಗಡಿಯವನೇ ಡಬ್ಬ ಬದಲಾಯಿಸಿ ಕೊಟ್ಟಿರಬೇಕು ಎಂದು ವಾದ ಮಾಡಿದಳು. ಒಬ್ಬರೂ ನನ್ನ ಮೇಲೆ ಅನುಮಾನಪಡಲಿಲ್ಲ. ಹಾಗೆ ಅನುಮಾನಪಡದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಯಾಕೆಂದರೆ ಬಣ್ಣದ ವಿಷಯದಲ್ಲಿ ನಮ್ಮ ಬಳಗಕ್ಕೆಲ್ಲ ನಾನು ದೊಡ್ಡ ಮನುಷ್ಯಳು. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಜವಳಿ ತೆಗೆಯುವ ದಿನ ನನಗೆ ಫೋನು ಬರುತ್ತದೆ. ಯಾವ ಸೀರೆಗೆ ಯಾವ ರವಿಕೆ, ಕಪ್ಪಗಿರುವ ಹುಡುಗಿಗೆ ಯಾವುದು ಒಪ್ಪುತ್ತದೆ, ದೀಪದ ಬೆಳಕಿನಲ್ಲಿ ಯಾವುದು ಮಂಕಾಗುತ್ತದೆ, ಎಲ್ಲಾ ನನ್ನನ್ನೇ ಕೇಳುತ್ತಾರೆ. ಅಂಗಡಿಯವನು ಸೀರೆ ಬಿಚ್ಚಿ ಹಾಸಿದ ತಕ್ಷಣ ನಾನು ಅದನ್ನು ಎತ್ತಿಕೊಂಡು ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ನೋಡುತ್ತೇನೆ. "ಅಂಗಡಿ ಲೈಟಿಗೆ ಮೋಸ ಹೋಗಬೇಡಿ" ಎಂದು ಎಲ್ಲರಿಗೂ ಹೇಳುತ್ತೇನೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತು ಎನ್ನುತ್ತಾರಲ್ಲ, ಆ ಹಲ್ಲಿ ನಾನು.

ನಮ್ಮ ಮನೆ ತುಮಕೂರಿನಲ್ಲಿ, ಗುಬ್ಬಿ ಗೇಟಿನಿಂದ ಸ್ವಲ್ಪ ಒಳಗೆ. ಒಂದೇ ಅಂತಸ್ತು, ಮುಂದೆ ಪುಟ್ಟ ವರಾಂಡ, ಅದರ ಮುಂದೆ ಎರಡು ಸ್ಕೂಟರು ನಿಲ್ಲುವಷ್ಟು ಜಾಗ, ಗೇಟು. ಎರಡೂ ಪಕ್ಕದ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡಿವೆ. ಇಡೀ ಸಾಲು ಹಾಗೇ ಇದೆ, ಒಂದೇ ಮೇಸ್ತ್ರಿ ಒಂದೇ ನಕ್ಷೆ ಹಿಡಿದುಕೊಂಡು ಕಟ್ಟುತ್ತಾ ಹೋದ ಹಾಗೆ. ಬಣ್ಣಗಳೂ ಹಾಗೆಯೇ. ಒಂದು ಕ್ರೀಮು, ಇನ್ನೊಂದು ಬೂದಿ, ಮತ್ತೊಂದು ಕ್ರೀಮು. ನಮ್ಮದೂ ಮೊದಲು ಕ್ರೀಮೇ ಇತ್ತು.

ಈ ಒಂದೇ ತರಹದ ಸಾಲು ನಮ್ಮ ಅತ್ತೆಗೆ ದೊಡ್ಡ ಕಷ್ಟವಾಗಿತ್ತು. ಮಾವ ಹೋದ ಮೇಲೆ ಅವರು ಚೇಳೂರಿನಿಂದ ಬಂದು ನಮ್ಮ ಜೊತೆ ಇದ್ದಾರೆ. ಅವರ ಕಣ್ಣಿನ ನರ ಸೊರಗಿದೆ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲ, ಇರುವಷ್ಟು ದೃಷ್ಟಿಯನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಮುಖ ಗುರುತು ಸಿಗುವುದಿಲ್ಲ, ದನಿಯಿಂದಲೇ ಆಳು ಯಾರೆಂದು ಹೇಳುತ್ತಾರೆ. ದೊಡ್ಡದಾಗಿ, ಗಾಢವಾಗಿ ಇರುವುದು ಮಾತ್ರ ಕಾಣುತ್ತದೆ. ಬಂದ ಹೊಸದರಲ್ಲಿ ಬೆಳಿಗ್ಗೆ ಮೂಲೆಯ ಆಂಜನೇಯನ ಗುಡಿಗೆ ಒಬ್ಬರೇ ಹೋಗುತ್ತಿದ್ದರು. ಒಂದು ದಿನ ವಾಪಸು ಬರುವಾಗ ಸಾಲಿನ ಕೊನೆಯ ಮನೆಗೆ ನುಗ್ಗಿ, ನೇರ ಅಡುಗೆಮನೆಗೆ ಹೋಗಿ, "ಕಾಫಿ ಇಟ್ಟಿದೀಯೇನವ್ವಾ?" ಎಂದು ಕೇಳಿದ್ದರು. ಆ ಮನೆಯಲ್ಲಿ ಆಗ ಇದ್ದದ್ದು ಬಾಡಿಗೆಗೆ ಬಂದ ಹುಡುಗರು. ಒಬ್ಬನು ಟವೆಲು ಸುತ್ತಿಕೊಂಡು ನಿಂತಿದ್ದನಂತೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆಯೂ ನಕ್ಕರು. ಆದರೆ ಮಾರನೇ ದಿನದಿಂದ ಹೊರಗೆ ಹೋಗುವುದನ್ನು ಬಿಟ್ಟರು. ವರಾಂಡದ ಕುರ್ಚಿಯಲ್ಲಿ ಕೂತು ರಸ್ತೆಯ ಸದ್ದು ಕೇಳುವುದೇ ಅವರ ದಿನವಾಯಿತು. ನಾನು ಕರೆದುಕೊಂಡು ಹೋಗುತ್ತೇನೆ ಎಂದರೆ, "ಕೈ ಹಿಡ್ಕಂಡು ಹೋಗೋಕೆ ನಾನೇನ್ ಕೂಸಾ? ಬುಡವ್ವ" ಎನ್ನುತ್ತಿದ್ದರು.

ಹೀಗಿರುವಾಗ ಮಗಳ ಮದುವೆ ಗೊತ್ತಾಯಿತು. ಗಂಡಿನವರು ಕುಣಿಗಲ್‌ನವರು. ಕೆರೆಯ ಕಡೆಗೆ ಮುಖ ಮಾಡಿದ ಅವರ ಹಳೆಯ ಮನೆಯನ್ನು ನೋಡಿಯೇ ನಾನು ಅರ್ಧ ಸೋತಿದ್ದೆ. ಬಿಳಿ ಸುಣ್ಣದ ಗೋಡೆ, ಕೆಂಪು ಗಾರೆಯ ಜಗಲಿ, ಬಾಗಿಲಲ್ಲಿ ಒಂದೇ ಒಂದು ಹಿತ್ತಾಳೆಯ ಗಂಟೆ. ಬೀಗಿತ್ತಿ ಕೂಡ ಹಾಗೆಯೇ, ಜಾಸ್ತಿ ಮಾತಿಲ್ಲ, ತಿಳಿ ಬಣ್ಣದ ಸೀರೆ, ಕಿವಿಯಲ್ಲಿ ಸಣ್ಣ ಓಲೆ. ಅವರೆದುರು ಕೂತಾಗ ನನ್ನ ಸೀರೆಯ ಜರಿ ಅಂಚು ಗದ್ದಲ ಮಾಡುತ್ತಿದೆ ಅನ್ನಿಸಿತು. ಇಂಥವರು ನಮ್ಮ ಮನೆಗೆ ಬಂದಾಗ ಹೀಗಳೆಯುವಂತೆ ಇರಬಾರದು ಎಂದು ಅಲ್ಲೇ ನಿಶ್ಚಯ ಮಾಡಿದೆ. ಗೋಡೆಗೆ ಈರುಳ್ಳಿ ಸಿಪ್ಪೆಯ ಬಣ್ಣ. ಸೀರೆ ಅಂಗಡಿಯಲ್ಲಿ ಈರುಳ್ಳಿ ಬಣ್ಣ ಎಂದರೆ ಎಲ್ಲರಿಗೂ ಗೊತ್ತು. ಗುಲಾಬಿಯೂ ಅಲ್ಲ, ಕಂದೂ ಅಲ್ಲ, ನೋಡಿದರೆ ಮನಸ್ಸಿಗೆ ಹಿತವಾಗುವ ಬಣ್ಣ.

ನಮ್ಮ ಕಡೆ ಮದುವೆ ಛತ್ರದಲ್ಲೇ ಆದರೂ ಮನೆ ಮುಂದೆ ಚಪ್ಪರ ಬೇಕೇ ಬೇಕು. ಶಾಮಿಯಾನ ಹಾಕಿಸಿ ಕೈ ತೊಳೆದುಕೊಳ್ಳುವವರಿದ್ದಾರೆ, ನಮ್ಮ ಮೈದುನ ಅದಕ್ಕೆ ಒಪ್ಪುವವನಲ್ಲ. ಚೇಳೂರಿನ ತೋಟದಿಂದ ಹಸಿ ತೆಂಗಿನ ಗರಿ, ಅಡಿಕೆ ಮರದ ಕಂಬ, ಬಾಳೆಕಂದು ಎಲ್ಲವನ್ನೂ ಟೆಂಪೋದಲ್ಲಿ ತುಂಬಿಕೊಂಡು ಬಂದ. ಸಾಧಾರಣವಾಗಿ ಬಣ್ಣ ಮೊದಲು, ಚಪ್ಪರ ಆಮೇಲೆ. ಆದರೆ ಆ ಸಲ ಮದುವೆಗೆ ಮುಂಚೆ ಮಳೆ ಹಿಡಿದುಕೊಂಡಿತು. ಪೇಂಟರು ಒಳಗಿನ ಕೆಲಸ ಮುಗಿಸಿ ಹೊರಗೆ ಬರೀ ಬಿಳಿ ಪ್ರೈಮರ್ ಬಳಿದು, ಗೋಡೆ ಒಣಗಲಿ ಎಂದು ಕಾಯುತ್ತಾ ಕೂತರು. ಪುರೋಹಿತರು ಬರೆದುಕೊಟ್ಟ ಚಪ್ಪರದ ಮುಹೂರ್ತ ಯಾರ ಗೋಡೆ ಒಣಗುವವರೆಗೂ ಕಾಯುವುದಿಲ್ಲ. ಹಾಲುಗಂಬ ನೆಟ್ಟಿದ್ದಾಯಿತು, ಅರ್ಧ ರಸ್ತೆಯವರೆಗೂ ಗರಿ ಹೊದಿಸಿದ್ದಾಯಿತು. ಮನೆಯ ಮುಂಭಾಗವನ್ನೆಲ್ಲ ಆ ಹಸಿರು ನೆರಳು ಮುಚ್ಚಿಕೊಂಡಿತು. ಮಳೆ ಬಿಟ್ಟ ಮೇಲೆ ಹೊರಗಿನ ಬಣ್ಣ ಶುರುವಾದದ್ದು ಆ ಚಪ್ಪರದ ಕೆಳಗೆ.

ಪೇಂಟರು ಗೋಡೆಯ ಮೇಲೆ ಒಂದು ಅಂಗೈ ಅಗಲ ಈರುಳ್ಳಿ ಬಣ್ಣ ಹಚ್ಚಿ ತೋರಿಸಿದರು. ನನಗೆ ಜೀವವಿಲ್ಲದ ಹಾಗೆ ಕಂಡಿತು. ಕೆಸರು ನೀರಿನಲ್ಲಿ ಅದ್ದಿ ತೆಗೆದಂತಿತ್ತು. "ಇನ್ನೊಂದು ಚೂರು ಡಾರ್ಕ್ ಮಾಡ್ಸಿ" ಎಂದೆ. ಮಾಡಿಸಿಕೊಂಡು ಬಂದರು. ಅದೂ ಸಪ್ಪೆ. ಇನ್ನೂ ಒಂದು ಪಟ್ಟು ಏರಿಸಿ ಎಂದೆ.

"ನೀವ್ ಹೇಳ್ದಂಗೇ ಆಗ್ಲಿ ಮೇಡಂ. ಮದ್ವೆ ಮನೆ, ಸ್ವಲ್ಪ ಕಳೆ ಇರ್ಬೇಕು" ಎಂದರು ಅವರು, ನನಗಿಂತ ಖುಷಿಯಾಗಿ.

ಹೀಗೆ ಏರಿಸುತ್ತಾ ಏರಿಸುತ್ತಾ, ಕೊನೆಗೆ ಒಂದು ಬಣ್ಣ ನನ್ನ ಮನಸ್ಸಿನಲ್ಲಿದ್ದ ಈರುಳ್ಳಿ ಸಿಪ್ಪೆಯ ಹಾಗೇ ಕಂಡಿತು. "ಇದೇ ನೋಡಿ, ಇದೇ" ಎಂದು ಕೈ ತಟ್ಟಿದೆ. ಎಲ್ಲಾ ಸೀರೆಯನ್ನೂ ಬಿಸಿಲಿಗೆ ಹಿಡಿದು ನೋಡುವ ನಾನು, ತೆಂಗಿನ ಗರಿಯ ಹಸಿರು ಬೆಳಕಿನಲ್ಲಿ ನಿಂತು ನನ್ನ ಮನೆಯ ಬಣ್ಣವನ್ನು ಒಪ್ಪಿದೆ. ಆ ಹಸಿರು ನೆರಳು ಕೆಂಪನ್ನೆಲ್ಲ ನುಂಗಿಹಾಕುತ್ತಿದೆ ಎಂದು ಹೊಳೆಯಲೇ ಇಲ್ಲ.

ಮದುವೆಯ ಮಾರನೇ ದಿನ ಬೀಗರೂಟಕ್ಕೆ ಕುಣಿಗಲ್‌ನವರು ಬಂದರು. ಚಪ್ಪರ ಇನ್ನೂ ಹಸಿರಾಗಿತ್ತು. ಬೀಗಿತ್ತಿ ವರಾಂಡದ ಮೆಟ್ಟಿಲು ಹತ್ತುವ ಮೊದಲು ನಿಂತು ಗೋಡೆಯನ್ನು ನೋಡಿದರು. "ಎಷ್ಟು ಹದವಾದ ಬಣ್ಣ ಕಣ್ರೀ. ಯಾರು ಸೆಲೆಕ್ಟ್ ಮಾಡಿದ್ದು?" ಎಂದರು. ಮಾತು ಕಡಿಮೆಯವರ ಬಾಯಿಂದ ಬಂದ ಹೊಗಳಿಕೆ ಅದು. ನಾನೇ ಎಂದು ಹೇಳುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅವರು ಹೋದ ಮೇಲೆ ಒಂದು ಒಳ್ಳೆಯ ದಿನ ನೋಡಿ ಚಪ್ಪರ ಇಳಿಸಿದರು. ನಾನು ಒಳಗೆ ಪಾತ್ರೆಗಳನ್ನು ಎಣಿಸಿ ಛತ್ರದವರಿಗೆ ಕಳಿಸುವುದರಲ್ಲಿದ್ದೆ. ಯಜಮಾನರು ಹೊರಗಿನಿಂದ ಕೂಗಿದರು: "ಏನೇ, ಸ್ವಲ್ಪ ಬಾ ಇಲ್ಲಿ. ಬೇಗ ಬಾ."

ಬಂದು ನೋಡಿದೆ. ಬೆಳಗಿನ ಬಿಸಿಲು ನೇರ ಗೋಡೆಯ ಮೇಲಿತ್ತು. ಈರುಳ್ಳಿ ಎಲ್ಲಿ, ಸಿಪ್ಪೆ ಎಲ್ಲಿ! ಅಪ್ಪಟ ರಾಣಿ ಬಣ್ಣ, ಕಣ್ಣು ಕುಕ್ಕುವ ಗಾಢ ಗುಲಾಬಿ. ಜವಳಿ ಅಂಗಡಿಯ ಗೊಂಬೆಗೆ ಉಡಿಸಿ ಬೀದಿಗೆ ನಿಲ್ಲಿಸುತ್ತಾರಲ್ಲ, ಆ ಬಣ್ಣ. ವರಾಂಡದ ಗೋಡೆ, ಕಂಬ, ಕಾಂಪೌಂಡು ಎಲ್ಲಾ ಅದೇ. ಮೇಲೆ ತಾರಸಿಯ ಅಡ್ಡಗೋಡೆ ಮಾತ್ರ, ಮದುವೆ ಆದಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟದ್ದು, ಬೆಳ್ಳಗೆ ಉಳಿದಿತ್ತು. ಕ್ರೀಮು ಬೂದಿಗಳ ಸಾಲಿನ ಮಧ್ಯೆ ನಮ್ಮ ಮನೆ ಗಂಟಲು ಹರಿಯುವಂತೆ ಕೂಗುತ್ತಿತ್ತು. ಗರಿ ಬಿಚ್ಚುತ್ತಿದ್ದ ಆಳುಗಳು ಮುಸಿಮುಸಿ ನಗುತ್ತಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿಬಂದೆ.

ಆ ಹೊತ್ತಿನಲ್ಲಿ ಅತ್ತೆ ಎದುರು ಮನೆಯ ಜಗಲಿಯಲ್ಲಿ ಕೂತಿದ್ದರು. ಗರಿಯ ದೂಳು ಬೇಡವೆಂದು ಯಜಮಾನರೇ ಅಲ್ಲಿ ಕೂರಿಸಿದ್ದರು. ಎದುರು ಮನೆಯವರು ಟೈಲರು. ಅವರ ಹೆಂಡತಿಯನ್ನು ನಾವೆಲ್ಲ ಭಾಬಿ ಎನ್ನುತ್ತೇವೆ, ಅತ್ತೆಗೆ ಒಳ್ಳೆಯ ಸ್ನೇಹಿತೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಯಾರ ಕೈಯನ್ನೂ ಹಿಡಿಯದೆ ರಸ್ತೆ ದಾಟಿ ಒಳಗೆ ಬಂದರು. ಮುಖ ಅರಳಿಹೋಗಿತ್ತು.

"ಅವ್ವಾ, ನಮ್ಮನೆ ಕಾಣ್ತದೆ ಕಣೇ! ಅಲ್ಲಿಂದ್ಲೇ ಕಾಣ್ತದೆ. ಇದ್ಕೆ ಏನ್ ಮಾಡ್ಸ್ದೆ ನೀನು?"

ನಾನು ಮಂಚದ ಮೇಲೆ ಮುಖ ಮುಚ್ಚಿ ಬಿದ್ದಿದ್ದೆ.

ಮಾರನೇ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಚಪ್ಪಲಿ ಮೆಟ್ಟಿ ಗುಡಿಗೆ ಹೊರಟರು, ಒಬ್ಬರೇ. ನಾನು ಗೇಟಿನಲ್ಲಿ ನಿಂತು ಕಾದೆ. ಅರ್ಧ ಗಂಟೆಯಲ್ಲಿ ಮೂಲೆ ತಿರುಗಿ, ರಸ್ತೆಯ ಅಂಚು ಹಿಡಿದು, ಅಳುಕಿಲ್ಲದೆ ನೇರ ನಮ್ಮ ಗೇಟಿಗೇ ಬಂದರು. ಅಂದಿನಿಂದ ದಿನಾ ಹೋಗತೊಡಗಿದರು. ಗುಡಿಯಿಂದ ಹೂವಿನವಳ ಹತ್ತಿರ, ಅಲ್ಲಿಂದ ಹಾಲಿನ ಬೂತು. ಬೀದಿಯ ಸುದ್ದಿಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಾನು ಶಾಲೆಗೆಂದು ಗುಬ್ಬಿಯ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಬಿಚ್ಚುತ್ತಿದ್ದರು. ಯಾರ ಸೊಸೆ ಬಸುರಿ, ಯಾರ ಮನೆಯ ಬೋರು ಬತ್ತಿತು, ಎಲ್ಲಾ. ಊಟವೂ ಒಂದು ತುತ್ತು ಹೆಚ್ಚಾಯಿತು. ನನಗೆ ಸಂತೋಷವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಾಚಿಕೆ ಅದಕ್ಕಿಂತ ದೊಡ್ಡದಾಗಿತ್ತು.

ನಾಚಿಕೆಗೆ ಎಡೆಬಿಡದೆ ಮೇವು ಸಿಗುತ್ತಿತ್ತು. ನಮ್ಮ ಗೋಡೆಯ ಬಿಸಿಲು ಎದುರು ಮನೆಗೆ ಹೊಡೆದು ಬೆಳಿಗ್ಗೆ ಅವರ ಜಗಲಿ ಗುಲಾಬಿಯಾಗುತ್ತಿತ್ತು. "ಟೀಚರಮ್ಮ, ನಮ್ದುಕ್ಕೂ ಫ್ರೀ ಪೇಂಟಿಂಗ್ ಆಯ್ತು ನೋಡಿ" ಎಂದು ಭಾಬಿ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ನನಗೆ ಮಾತ್ರ ಉಪ್ಪು ಸವರಿದಂತಾಯಿತು. ಆಟೋದವರು ನಮ್ಮ ಬೀದಿಯನ್ನೇ ರಾಣಿ ಕಲರ್ ಮನೆ ಬೀದಿ ಎನ್ನತೊಡಗಿದರು. ನಾನು ಆಟೋ ಹತ್ತಿದರೆ ಗುಬ್ಬಿ ಗೇಟ್ ಎಂದಷ್ಟೇ ಹೇಳಿ, ಮೂಲೆಯಲ್ಲೇ ಇಳಿದು, ಆಟೋ ತಿರುಗಿ ಹೋದ ಮೇಲೆ ಮನೆಗೆ ನಡೆದು ಬರುತ್ತಿದ್ದೆ. ಐವತ್ತು ದಾಟಿದ ಹೆಂಗಸು, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು, ಸ್ವಂತ ಮನೆಗೆ ಕದ್ದು ಬರುತ್ತಿದ್ದೆ.

ಇನ್ನೊಂದು ಬಣ್ಣ ಬಳಿಸಿಬಿಡೋಣ ಎಂದರೆ ಯಜಮಾನರು ಒಪ್ಪಲಿಲ್ಲ. ಅವರ ಮನೆತನದಲ್ಲಿ ಮದುವೆಗೆಂದು ಬಳಿದ ಗೋಡೆಯನ್ನು ವರ್ಷ ತುಂಬುವ ತನಕ ಬಳಿಯುವ ಹಾಗಿಲ್ಲ, ಶುಭವನ್ನು ಒರೆಸಿ ಹಾಕಿದಂತೆ ಎಂಬ ನಂಬಿಕೆ. "ಮಗಳ ವಿಷ್ಯ ಕಣೇ, ಗೋಡೆ ಮುಟ್ಬೇಡ. ಬೇರೆ ಏನಾದ್ರೂ ಮಾಡ್ಕೋ" ಎಂದರು. ಮಗಳ ಹೆಸರೆತ್ತಿದರೆ ಯಾವ ತಾಯಿ ಎದುರು ಮಾತಾಡುತ್ತಾಳೆ? ಅದರ ಮೇಲೆ ಅಳಿಯನ ಮೊದಲ ದೀಪಾವಳಿ ಬರುತ್ತಿತ್ತು. ಬೀಗರನ್ನೂ ಜೊತೆಗೆ ಕರೆಯದೆ ಇರುವಂತಿಲ್ಲ. ಆ ಹದವಾದ ಬಣ್ಣವನ್ನು ಹೊಗಳಿದ ಬೀಗಿತ್ತಿ ಬಂದು ಈ ಗೋಡೆಯ ಎದುರು ನಿಲ್ಲುವುದನ್ನು ನೆನೆದುಕೊಂಡು ರಾತ್ರಿ ಎದ್ದು ಕೂರುತ್ತಿದ್ದೆ.

ಆಗ ಸೀರೆಯ ಬುದ್ಧಿಯನ್ನೇ ಓಡಿಸಿದೆ. ಜೋರು ಸೀರೆಯನ್ನು ಅಂಚು ಮತ್ತು ರವಿಕೆ ಸಂಭಾಳಿಸುತ್ತವೆ. ಗೋಡೆ ಮುಟ್ಟಬಾರದು ತಾನೆ, ಗೋಡೆಯ ಸುತ್ತ ಮುಟ್ಟುತ್ತೇನೆ. ಕಿಟಕಿಯ ಚೌಕಟ್ಟಿಗೆ ಕಾಫಿಪುಡಿಯ ಬಣ್ಣ, ಗ್ರಿಲ್ಲಿಗೂ ಗೇಟಿಗೂ ಬಿಳಿ. ವರಾಂಡದ ಕಂಬಗಳಿಗೆ ತೆಂಗಿನ ನಾರಿನ ಹಗ್ಗ ಸುತ್ತಿಸಿದೆ. ಬಿದಿರಿನ ಪರದೆ ಇಳಿಬಿಟ್ಟೆ. ಕೂಗು ಸ್ವಲ್ಪ ಇಳಿಯಿತು, ಆದರೆ ನಿಲ್ಲಲಿಲ್ಲ.

ಆಮೇಲೆ ಗಿಡಗಳು. ಗುಬ್ಬಿಯ ಶಾಲೆಯಿಂದ ಬರುವಾಗ ರಸ್ತೆ ಪಕ್ಕದ ನರ್ಸರಿಯ ಹತ್ತಿರ ಬಸ್ಸು ಇಳಿದು, ಒಂದೊಂದು ದಿನ ಒಂದೊಂದು ಗಿಡ ತರುತ್ತಿದ್ದೆ. ಕಾಗದದ ಹೂವಿನ ಗಿಡ ತಂದೆ. ಅದು ಗೋಡೆಯದೇ ಬಣ್ಣದ ಹೂ ಬಿಟ್ಟು, ಹೂವೆಲ್ಲಿ ಗೋಡೆಯೆಲ್ಲಿ ಗೊತ್ತಾಗದಂತೆ ಮಾಡಿತು. ಅದನ್ನು ಹಿತ್ತಲಿಗೆ ತಳ್ಳಿದೆ. ಕುಂಡದಲ್ಲಿ ಬೆಳೆಸುವ ಅರೇಕಾ ಪಾಮು ತಂದಾಗ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಣ್ಣ ತಮ್ಮಂದ್ರು ಚೇಳೂರಲ್ಲಿ ಅಡ್ಕೆ ತೋಟ ಇಟ್ಕೊಂಡವ್ರೆ, ಇವ್ಳು ದುಡ್ ಕೊಟ್ಟು ಕಾಯಿ ಬಿಡ್ದೇ ಇರೋ ಅಡ್ಕೆ ತಂದವ್ಳೆ!" ಕಡೆಗೆ ಕೈ ಹಿಡಿದದ್ದು ಕರ್ಟನ್ ಕ್ರೀಪರ್ ಎನ್ನುವ ಬಳ್ಳಿ. ತಾರಸಿಯ ಅಂಚಿನಲ್ಲಿ ಕುಂಡವಿಟ್ಟರೆ ಕೆಳಕ್ಕೆ ಇಳಿಯುತ್ತಾ ನಿಜಕ್ಕೂ ಪರದೆಯ ಹಾಗೆ ನೇತಾಡುತ್ತದೆ. ಉದ್ದ ಬೆಳೆದ ಸಸಿಗಳನ್ನೇ ಆರಿಸಿ ತಾರಸಿಯ ಉದ್ದಕ್ಕೂ ಸಾಲಾಗಿ ಇಟ್ಟೆ. ಮಳೆಗಾಲ ನನ್ನ ಪರವಾಗಿತ್ತು. ಶ್ರಾವಣಕ್ಕೆ ಕಿಟಕಿಯ ಮೇಲಿನವರೆಗೆ ಬಂತು, ದಸರೆಯ ಹೊತ್ತಿಗೆ ಅಲ್ಲಲ್ಲಿ ನೆಲ ಮುಟ್ಟಿತು. ಕಾಂಪೌಂಡಿನ ಮೇಲೆ ಮನಿಪ್ಲಾಂಟು, ಅದರ ಮುಂದೆ ಕುಂಡಗಳ ಸಾಲು. ಎಲೆಗಳ ಸಂದಿನಿಂದ ಅಲ್ಲಲ್ಲಿ ಇಣುಕುವ ರಾಣಿ ಬಣ್ಣ ಈಗ ನಿಜವಾಗಿಯೂ ಮೃದುವಾಗಿ ಕಾಣುತ್ತಿತ್ತು. ನಡೆದು ಹೋಗುವವರು ಮೊಬೈಲು ತೆಗೆದು ಫೋಟೋ ಹೊಡೆದುಕೊಳ್ಳುತ್ತಿದ್ದರು. ನನಗೆ ಮತ್ತೆ ಉಸಿರು ಬಂತು, ಆಟೋದಲ್ಲಿ ಮನೆ ಬಾಗಿಲವರೆಗೂ ಬರತೊಡಗಿದೆ.

ಒಂದು ದಿನ ಬೆಳಿಗ್ಗೆ ನಾನು ಬಳ್ಳಿಗೆ ನೀರು ಹಾಕಿ ಇಳಿದು ಬರುವಾಗ ಅತ್ತೆ ಮೆಟ್ಟಿಲ ಹತ್ತಿರ ನಿಂತಿದ್ದರು.

"ಅವ್ವಾ, ಬೇಜಾರ್ ಮಾಡ್ಕಬ್ಯಾಡ. ಈ ಬಳ್ಳಿನ ಸ್ವಲ್ಪ ಮ್ಯಾಕೆ ಎತ್ತಿ ಕಟ್ಟಿಸ್ತೀಯಾ? ಒಂದ್ ಕಡೆ ಆದ್ರೂ."

ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ.

"ಮನೆ ಮತ್ತೆ ಮಾಸ್ದಂಗಾಗದೆ. ಮರದ್ ಕೆಳಗೆ ಕತ್ಲು ಇದ್ದಂಗೆ ಕಾಣ್ತದೆ. ನಿನ್ನೆ ಭಾಬಿ ಕೂಗ್ದೇ ಇದ್ದಿದ್ರೆ ಮುಂದಕ್ಕೆ ಹೋಗ್ಬುಡ್ತಿದ್ದೆ."

"ಗೇಟಿಗೆ ಬಿಳಿ ಬಣ್ಣ ಹೊಡೆಸಿದ್ದೀನಲ್ಲ ಅತ್ತೆ, ಅದು ಕಾಣಲ್ವಾ?"

"ನಂಗೆ ಎಲ್ಲಾರ್ ಗೇಟೂ ಬೆಳ್ಳಗೇ ಅವೆ ಕಣವ್ವ."

ನಾನು ಸೆರಗಿನಲ್ಲಿ ಕೈ ಒರೆಸಿಕೊಂಡೆ. "ದೀಪಾವಳಿ ಒಂದು ಆಗ್ಲಿ ಅತ್ತೆ. ಬೀಗರು ಬಂದು ಹೋಗ್ಲಿ. ಅವರು ಆ ಬಣ್ಣ ನೋಡಿದ್ರೆ ನನಗೆ ಮುಖ ಎತ್ತಕ್ಕಾಗಲ್ಲ. ಆಮೇಲೆ ನಿಮಗೆ ಹೇಗೆ ಬೇಕೋ ಹಾಗೆ ಕಟ್ಟಿಸ್ತೀನಿ."

"ಹೂಂ, ಆಗ್ಲಿ ಬುಡು. ನಿನ್ ಮಾನನೂ ನಮ್ ಮಾನನೇ ಅಲ್ವಾ" ಎಂದರು. ಗುಡಿಗೆ ಹೋಗುವುದು ಕಡಿಮೆಯಾಯಿತು. ಭಾಬಿಗೆ ಬಿಡುವಿದ್ದ ದಿನ ಅವರ ಜೊತೆ ಹೋಗುವರು, ಇಲ್ಲದಿದ್ದರೆ ಮತ್ತೆ ಅದೇ ವರಾಂಡದ ಕುರ್ಚಿ. ಈಗ ಮುಂದೆ ಬಿದಿರಿನ ಪರದೆ, ಅದರ ಮುಂದೆ ಬಳ್ಳಿ. ರಸ್ತೆಯ ಬೆಳಕೂ ಅವರವರೆಗೆ ಬರುತ್ತಿರಲಿಲ್ಲ. ನಾನು ಅದನ್ನು ದಿನಾ ನೋಡಿದೆ. ನೋಡಿಯೂ ನೀರು ಹಾಕಿದೆ.

ದೀಪಾವಳಿಯ ದಿನ ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು ಹೊರಟರು. ಭಾಬಿ ನೆಂಟರ ಮದುವೆಗೆಂದು ಊರಿಗೆ ಹೋಗಿದ್ದರು. "ಹಬ್ಬದ್ ದಿನ ಆಂಜನೇಯಪ್ಪನ್ನ ನೋಡ್ದೇ ಇರಕಾಯ್ತದಾ? ನಿಧಾನಕ್ಕೆ ಗೋಡೆ ಹಿಡ್ಕಂಡ್ ಬತ್ತೀನಿ, ನೀನ್ ಒಬ್ಬಟ್ಟು ನೋಡ್ಕೋ" ಎಂದರು. ನಾನು ಹೂರಣ ತಿರುಗಿಸುತ್ತಾ ಆಯ್ತು ಎಂದೆ. ಬೀಗರು ಹನ್ನೊಂದರ ಮೇಲೆ ಬರುತ್ತೇವೆ ಎಂದಿದ್ದರು. ರಸ್ತೆ ಖಾಲಿ ಇತ್ತೆಂದು ಒಂಬತ್ತೂವರೆಗೇ ಕಾರು ಬಂದು ನಿಂತಿತು. ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಆರತಿ ಎತ್ತಿದ್ದಾಯಿತು. ಮಗಳು, ಅಳಿಯ, ಬೀಗರು ಯಜಮಾನರ ಜೊತೆ ಒಳಗೆ ಹೋದರು. ಬೀಗಿತ್ತಿ ಮಾತ್ರ ಹೊರಗೆ ಬಂದು, ರಸ್ತೆಯ ಆಚೆ ಬದಿಗೆ ನನ್ನನ್ನೂ ಕರೆದುಕೊಂಡು ಹೋಗಿ ನಿಂತು, ಮನೆಯನ್ನು ಮೇಲಿಂದ ಕೆಳಗೆ ನೋಡಿದರು.

"ಚಪ್ಪರ ಇದ್ದಾಗ ಹೇಗಿತ್ತೋ ಹಾಗೇ ಇದೆ ಕಣ್ರೀ. ಎಷ್ಟು ತಂಪು. ನಿಮ್ಮ ಕಣ್ಣೇ ಕಣ್ಣು" ಎಂದರು.

ನಾನು ಎಷ್ಟು ತಿಂಗಳಿಂದ ಕಾದಿದ್ದ ಮಾತು ಅದು. ಹಿಗ್ಗಿ ಏನೋ ಉತ್ತರ ಕೊಡಲು ಬಾಯಿ ತೆಗೆದೆ. ಆಗಲೇ ಅತ್ತೆ ಕಂಡರು.

ನಮ್ಮ ಸಾಲಿನ ಕಾಂಪೌಂಡುಗಳನ್ನು ಒಂದೊಂದಾಗಿ ಕೈಯಿಂದ ಸವರಿಕೊಂಡು ಬರುತ್ತಿದ್ದರು. ಇನ್ನೊಂದು ಕೈಯಲ್ಲಿ ತೀರ್ಥದ ಪುಟ್ಟ ಚೊಂಬು. ಪಕ್ಕದ ಮನೆಯ ಗೋಡೆ ಮುಗಿದು ನಮ್ಮದು ಬಂತು. ಅಲ್ಲಿ ಕೈಗೆ ಗೋಡೆಯ ಬದಲು ಮನಿಪ್ಲಾಂಟಿನ ಎಲೆ ಸಿಕ್ಕಿತು. ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು. ಕುಂಡಗಳಿಗೆ ಕಾಲು ತಾಗದಂತೆ ರಸ್ತೆಗೆ ಸರಿದು, ಸ್ವಂತ ಮನೆಯನ್ನು ದಾಟಿ, ಮುಂದಕ್ಕೆ ಹೋದರು.

ನಾನು ಕೂಗಲಿಲ್ಲ. ಇದನ್ನು ಬರೆಯುವಾಗಲೂ ಮುಖ ಸುಡುತ್ತದೆ. ನಾಲ್ಕು ಮಾರು ದೂರದಲ್ಲಿ ಇದ್ದರು, ಅತ್ತೆ ಎಂದು ಒಂದು ಮಾತು ಸಾಕಾಗಿತ್ತು. ಕೂಗಿದರೆ ಅತ್ತೆ ಮೊದಲು ಎತ್ತುವುದು ಬಣ್ಣದ ಮಾತನ್ನೇ ಎಂದು ನನಗೆ ಗೊತ್ತಿತ್ತು. ಬೀಗಿತ್ತಿ ಒಳಗೆ ಹೋಗಿಬಿಡಲಿ, ಆಮೇಲೆ ಓಡಿ ಹೋಗಿ ಕರೆತರೋಣ ಎಂದುಕೊಂಡೆ. "ಬನ್ನಿ, ಕಾಫಿ ಆರಿಹೋಗುತ್ತೆ" ಎಂದು ಬೀಗಿತ್ತಿಯ ಕೈಯನ್ನೂ ಹಿಡಿದೆ. ಕಾಫಿ ಇನ್ನೂ ಇಟ್ಟೇ ಇರಲಿಲ್ಲ.

ಅತ್ತೆ ಸಾಲಿನ ಕೊನೆಯವರೆಗೆ ಹೋದರು. ಅದೇ ಬಾಡಿಗೆ ಹುಡುಗರ ಮನೆಯ ಗೇಟಿನ ಮುಂದೆ ನಿಂತರು, ಒಳಗೆ ಹೋಗಲು ಹೆದರಿದರು. ತಿರುಗಿದರು. ಹುಬ್ಬಿನ ಮೇಲೆ ಕೈ ಇಟ್ಟು ಎಲ್ಲಾ ಮನೆಗಳನ್ನೂ ನೋಡಿದರು. ಚೊಂಬಿನ ತೀರ್ಥ ತುಳುಕಿ ಹೊಸ ಸೀರೆಯ ಮೇಲೆ ಚೆಲ್ಲಿತು.

"ಅವರು ನಿಮ್ಮತ್ತೆ ಅಲ್ವೇನ್ರೀ?" ಎಂದು ಬೀಗಿತ್ತಿ ನನ್ನ ಕೈ ಬಿಡಿಸಿಕೊಂಡು ಅವರ ಕಡೆಗೆ ಬೇಗಬೇಗ ನಡೆದರು. ನಾನು ಹಿಂದೆ ಹೋಗಲಾರದೆ, ರಸ್ತೆ ದಾಟಿ ನಮ್ಮ ಗೇಟಿಗೆ ಬಂದು ನಿಂತೆ. ಹಬ್ಬದ ಬೆಳಿಗ್ಗೆ, ಬೀದಿ ನಿಶ್ಶಬ್ದವಾಗಿತ್ತು, ಎಲ್ಲಾ ಕೇಳುತ್ತಿತ್ತು.

"ಯಾರ್ ತಾಯಿ?" ಎಂದರು ಅತ್ತೆ. ಬೀಗಿತ್ತಿಯನ್ನು ಮದುವೆಯ ಗದ್ದಲದಲ್ಲಿ ಎರಡು ಮಾತಾಡಿಸಿದ್ದರಷ್ಟೆ, ದನಿ ಗುರುತಾಗಲಿಲ್ಲ. "ಒಸಿ ಹೇಳವ್ವ, ಇಲ್ಲೊಂದು ರಾಣಿ ಬಣ್ಣದ ಮನೆ ಇತ್ತಲ್ಲ, ಅದು ಯಾವ್ ಕಡೆಗದೆ?"

ಬೀಗಿತ್ತಿ ಸಾಲನ್ನೆಲ್ಲ ನೋಡಿದರು. "ಇಲ್ಲಿ ಅಂಥ ಮನೆ ಯಾವುದೂ ಇಲ್ವಲ್ಲಮ್ಮ" ಎಂದರು.

ನಾನು ಗೇಟಿನ ಒಳಕ್ಕೆ ನುಗ್ಗಿದೆ. ಬಿದಿರಿನ ಪರದೆಯನ್ನು ಕಿತ್ತು ಕೆಳಕ್ಕೆ ಬಿಟ್ಟೆ. ಮೇಲಿಂದ ಇಳಿಬಿದ್ದ ಬಳ್ಳಿಗಳನ್ನು ಎರಡೂ ತೋಳಲ್ಲಿ ಬಾಚಿಕೊಂಡು, ವರಾಂಡದ ಕಟ್ಟೆಯ ಮೇಲೆ ಹತ್ತಿ ನಿಂತು, ಆದಷ್ಟೂ ಎತ್ತಿ ಹಿಡಿದೆ. ಹಿಂದಿನ ಗೋಡೆಗೆ ಬಿಸಿಲು ಬಿತ್ತು. ಬಳ್ಳಿ ಇಳಿದಾಗಿನಿಂದ ಬಿಸಿಲು ಕಾಣದ ಆ ಬಣ್ಣ ಒಂದು ಚೂರೂ ಮಾಸಿರಲಿಲ್ಲ. "ಅತ್ತೆ, ಇಲ್ಲಿ! ಇಲ್ಲಿ ನೋಡಿ!" ಎಂದು ಕೂಗಿದೆ.

ಅತ್ತೆ ತಲೆ ಎತ್ತಿದರು. "ಅಗಾ, ಅಲ್ಲಿ ಅದೆ ನೋಡು" ಎಂದು ಬೀಗಿತ್ತಿಗೆ ಹೇಳಿ, ಅವರು ಚಾಚಿದ ಕೈಯನ್ನು ಹಿಡಿಯದೆ, ನೇರವಾಗಿ ಬಂದರು. ಗೇಟು ತೆಗೆದರು, ಕುಂಡಗಳ ಮಧ್ಯೆ ಹಾಯ್ದು ನನ್ನ ಹತ್ತಿರ ಬಂದರು. ಬಳೆಯ ಸದ್ದಿಗೆ ನಾನೇ ಎಂದು ತಿಳಿದು ಕೈ ಚಾಚಿ ನನ್ನ ತೋಳನ್ನು ಮುಟ್ಟಿದರು.

"ನೀನಾ ಹಿಡ್ಕಂಡಿರೋದು? ಸಾಕ್ ಬುಡವ್ವ, ನಾನ್ ಬಂದ್ನಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವಂತೆ, "ಬೇಗ ಕೆಳಕ್ ಬುಡು. ಬೀಗ್ರು ಬರೋ ಹೊತ್ತಾಯ್ತು, ಬಣ್ಣ ಕಂಡ್ಬುಟ್ಟಾರು" ಎಂದರು.

ಬೀಗಿತ್ತಿ ಅವರ ಬೆನ್ನ ಹಿಂದೆಯೇ ಗೇಟು ಹಿಡಿದುಕೊಂಡು ನಿಂತಿದ್ದರು.